ಕಲಾ ಮಾರುಕಟ್ಟೆಯ ಜಾಗತೀಕರಣ: ನಂಜನಗೂಡು–ತಿರುಮಕೂಡಲು ಸೀಮೆ (2020ರಿಂದೀಚೆಗೆ)

ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ಟಿ. ನರಸೀಪುರ ಅಕ್ಕಪಕ್ಕದ ತಾಲ್ಲೂಕುಗಳು. ನಂಜನಗೂಡಿನ ಸ್ನಾನಘಟ್ಟವನ್ನು ಸವರಿ ಹೋದ ಕಪಿಲೆಯೇ ಮುಂದೆ ಟಿ. ನರಸೀಪುರದ ತಿರುಮಕೂಡಲಿನಲ್ಲಿ ಕಾವೇರಿಗೆ ಸೇರುತ್ತಾಳೆ. ಈ ಎರಡು ತಾಲ್ಲೂಕುಗಳಿಗೂ ಅವುಗಳ ದೊಡ್ಡ ಪೇಟೆಯಾದ ಮೈಸೂರಿಗೂ ಸೇರಿದ ಚಿತ್ರ, ಶಿಲ್ಪ, ಮರಗೆಲಸ, ರೇಷ್ಮೆ ಕೋವಿಡ್ ನಂತರದ ಜಾಗತಿಕ ಕಲಾ ವ್ಯಾಪಾರದಲ್ಲಿ ಎಲ್ಲಿ ನಿಂತಿವೆ ಎಂಬುದು ಈ ಲೇಖನದ ವಿಷಯ. ಲಂಡನ್ನಿನ ಹರಾಜು ಕಟ್ಟೆಗೂ ನಂಜನಗೂಡಿನ ರಥಬೀದಿಗೂ ಏನು ಸಂಬಂಧ ಎಂದು ಮೊದಲಿಗೆ ಅನ್ನಿಸಬಹುದು. ಸಂಬಂಧ ಹಳೆಯದು. ಹೊಸದಾಗಿ ಬದಲಾಗಿರುವುದು ವಸ್ತುವಿನ ಜೊತೆ ಯಾರ ಹೆಸರು ಪ್ರಯಾಣ ಮಾಡುತ್ತದೆ ಎಂಬ ಸಂಗತಿ. ಇಂದಿನ ಕಲಾ ಮಾರುಕಟ್ಟೆಯಲ್ಲಿ ಬೆಲೆ ಕಟ್ಟುವುದು ಬಣ್ಣಕ್ಕೋ ಕಲ್ಲಿಗೋ ಅಲ್ಲ, ಹೆಸರಿಗೆ.

2020ರ ಮಾರ್ಚ್

ಹಾಂಗ್‌ಕಾಂಗ್‌ನ ಆರ್ಟ್ ಬಾಸೆಲ್ ಏಷ್ಯಾದ ದೊಡ್ಡ ಕಲಾ ಮೇಳಗಳಲ್ಲಿ ಒಂದು. ಸೋಂಕಿನಿಂದಾಗಿ 2020ರ ಮೇಳ ರದ್ದಾಯಿತು. ಅದರ ಬದಲಿಗೆ ಗ್ಯಾಲರಿಗಳು ತಮ್ಮ ಕೃತಿಗಳನ್ನು ಬೆಲೆ ಸಮೇತ ಅಂತರ್ಜಾಲದ ವೀಕ್ಷಣಾ ಕೋಣೆಗಳಲ್ಲಿಟ್ಟವು. ಆ ಕೋಣೆಗಳು ಮುಚ್ಚಿದ್ದು ಮಾರ್ಚ್ 25ಕ್ಕೆ. ಭಾರತದಲ್ಲಿ ಲಾಕ್‌ಡೌನ್ ಶುರುವಾದದ್ದೂ ಅದೇ ದಿನ. ಮರುದಿನ, ಮಾರ್ಚ್ 26ರಂದು, ನಂಜನಗೂಡಿನ ಕೈಗಾರಿಕಾ ಪ್ರದೇಶದ ಔಷಧಿ ಕಾರ್ಖಾನೆಯೊಂದರ ನೌಕರರಲ್ಲಿ ಸೋಂಕು ಪತ್ತೆಯಾಯಿತು. ಆ ವಸಂತದಲ್ಲಿ ಮೈಸೂರು ಜಿಲ್ಲೆಯಲ್ಲಿ ದಾಖಲಾದ ಮೊದಲ 90 ಪ್ರಕರಣಗಳಲ್ಲಿ ಬಹುಪಾಲು ಈ ಒಂದೇ ಸರಪಳಿಗೆ ಸೇರಿದ್ದವು. ಹೊರದೇಶದಿಂದ ಬಂದ ಕಚ್ಚಾ ಸಾಮಗ್ರಿಯ ಪೆಟ್ಟಿಗೆಯಿಂದ ಸೋಂಕು ಬಂತೇ ಎಂಬ ಚರ್ಚೆ ವಾರಗಟ್ಟಲೆ ನಡೆಯಿತು, ತೀರ್ಮಾನ ಮಾತ್ರ ಆಗಲಿಲ್ಲ. ಜಾಗತೀಕರಣ ಎಂಬ ಮಾತನ್ನು ಪುಸ್ತಕದಲ್ಲಿ ಓದಿದ್ದ ಊರಿಗೆ ಅದು ಪೆಟ್ಟಿಗೆಯ ರೂಪದಲ್ಲಿ ಎದುರು ನಿಂತಿತ್ತು.

ಆ ವರ್ಷ ಶ್ರೀಕಂಠೇಶ್ವರನ ದೊಡ್ಡ ಜಾತ್ರೆ ನಡೆಯಲಿಲ್ಲ. ಐದು ತೇರುಗಳೂ ನಿಂತಲ್ಲೇ ನಿಂತವು. ತಿರುಮಕೂಡಲಿನಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ಸೇರುತ್ತಿದ್ದ ಕುಂಭಮೇಳ 2019ರ ನಂತರ ಮತ್ತೆ ಸೇರಿದ್ದು 2025ರ ಫೆಬ್ರವರಿಯಲ್ಲಿ. ಜಾತ್ರೆಗಳ ಪ್ರಸ್ತಾಪ ಇಲ್ಲಿ ಅನಗತ್ಯವೆಂದು ಕಾಣಬಹುದು. ಆದರೆ ಈ ಸೀಮೆಯಲ್ಲಿ ದೇವರ ಪಟ, ಮರದ ಆಟಿಕೆ, ಕಂಚಿನ ದೀಪ, ಸಣ್ಣ ಕಲ್ಲಿನ ವಿಗ್ರಹಗಳಿಗೆ ಜಾತ್ರೆಯೇ ಗ್ಯಾಲರಿ. ಅಲ್ಲಿ ಚೌಕಾಸಿಯಿದೆ, ಕೈಯಲ್ಲಿ ಹಿಡಿದು ತೂಗಿ ನೋಡುವುದಿದೆ. ಕೊಳ್ಳುವವರು ಮಾರುವವರ ಮುಖ ನೋಡುತ್ತಾರೆ. ಹಾಂಗ್‌ಕಾಂಗ್‌ನ ಮೇಳ ಪರದೆಯ ಮೇಲೆ ಏರಿತು. ಜಾತ್ರೆಗೆ ಏರಲು ಅಂಥ ಪರದೆ ಇರಲಿಲ್ಲ.

ಲೋಕದ ಲೆಕ್ಕ

ಆರ್ಟ್ ಬಾಸೆಲ್ ಮತ್ತು ಯುಬಿಎಸ್ ಬ್ಯಾಂಕ್ ಸೇರಿ ಪ್ರತಿವರ್ಷ ತರುವ ವರದಿಯ ಪ್ರಕಾರ ಜಗತ್ತಿನ ಕಲಾ ವಹಿವಾಟು 2019ರಲ್ಲಿ 6,440 ಕೋಟಿ ಡಾಲರ್ ಇತ್ತು, 2020ರಲ್ಲಿ 5,010 ಕೋಟಿಗೆ ಕುಸಿಯಿತು. ಅಂತರ್ಜಾಲದ ಮಾರಾಟ ಮಾತ್ರ ಅದೇ ವರ್ಷ ದುಪ್ಪಟ್ಟಾಗಿ 1,240 ಕೋಟಿ ಡಾಲರ್ ಮುಟ್ಟಿತು, ಅಂದರೆ ಒಟ್ಟು ವ್ಯಾಪಾರದ ಕಾಲು ಭಾಗ. 2022ರಲ್ಲಿ ಒಟ್ಟು ಮೊತ್ತ 6,780 ಕೋಟಿಗೆ ಏರಿ, 2024ರ ಹೊತ್ತಿಗೆ 5,750 ಕೋಟಿಗೆ ಇಳಿಯಿತು. ಈ ಏರಿಳಿತದ ನಡುವೆ 2021ರ ಮಾರ್ಚ್ 11ರಂದು ಬೀಪಲ್ ಎಂಬ ಅಮೆರಿಕದ ಕಲಾವಿದನ ಡಿಜಿಟಲ್ ಚಿತ್ರವೊಂದು ಕ್ರಿಸ್ಟೀಸ್ ಹರಾಜಿನಲ್ಲಿ 6.9 ಕೋಟಿ ಡಾಲರಿಗೆ ಹೋಯಿತು. ಕೊಂಡವರು ತಮಿಳುನಾಡು ಮೂಲದ ಉದ್ಯಮಿ. ಗೋಡೆಗೆ ತೂಗುಹಾಕಲಾಗದ ಚಿತ್ರಕ್ಕೆ ಅಷ್ಟು ಹಣವೇ ಎಂದು ಲೋಕ ಬೆರಗಾಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಡಿಜಿಟಲ್ ಚಿತ್ರಗಳ ಆ ಮಾರುಕಟ್ಟೆಯ ಗಾಳಿ ಇಳಿದಿತ್ತು.

ಭಾರತದ ಕಲೆಯ ಕತೆ ಬೇರೆ. ಜಗತ್ತಿನ ಮಾರುಕಟ್ಟೆ ಇಳಿಮುಖವಾಗಿದ್ದಾಗಲೂ ಇಲ್ಲಿನ ಹೆಸರುಗಳ ಬೆಲೆ ಏರುತ್ತಲೇ ಹೋಯಿತು. 2023ರ ಆಗಸ್ಟ್‌ನಲ್ಲಿ ಎಸ್.ಎಚ್. ರಝಾ ಅವರ ‘ಜೆಸ್ಟೇಷನ್’ 51.75 ಕೋಟಿ ರೂಪಾಯಿಗೆ, ಮರುತಿಂಗಳು ಅಮೃತಾ ಶೇರ್‌ಗಿಲ್ ಅವರ ‘ದಿ ಸ್ಟೋರಿ ಟೆಲ್ಲರ್’ 61.8 ಕೋಟಿಗೆ ಮಾರಾಟವಾದವು. 2025ರ ಮಾರ್ಚ್ 19ರಂದು ನ್ಯೂಯಾರ್ಕ್‌ನಲ್ಲಿ ಎಂ.ಎಫ್. ಹುಸೇನರ ‘ಗ್ರಾಮಯಾತ್ರೆ’ 1.375 ಕೋಟಿ ಡಾಲರ್, ಅಂದರೆ 118 ಕೋಟಿ ರೂಪಾಯಿಗೂ ಹೆಚ್ಚು, ತಂದಿತು. 1954ರ ಆ ಚಿತ್ರ ದಶಕಗಳ ಕಾಲ ನಾರ್ವೆಯ ಓಸ್ಲೋ ನಗರದ ಆಸ್ಪತ್ರೆಯಲ್ಲಿತ್ತು. ಅದರಲ್ಲಿರುವುದು ಹಳ್ಳಿಯ ಹೆಂಗಸರು, ಎತ್ತಿನ ಗಾಡಿ, ಹೊಲಮನೆ. ಕಪಿಲೆಯ ದಡದ ಯಾವ ಹಳ್ಳಿಯವರೂ ಅದನ್ನು ತಮ್ಮ ಊರಿನ ಚಿತ್ರ ಎಂದುಕೊಳ್ಳಬಹುದಿತ್ತು.

ರೂವಾರಿಯ ರುಜು

ಹೆಸರಿಗೂ ಬೆಲೆಗೂ ಗಂಟು ಬಿದ್ದಿರುವ ಈ ಹೊತ್ತಿನಲ್ಲಿ ಟಿ. ನರಸೀಪುರ ತಾಲ್ಲೂಕಿನ ಸೋಮನಾಥಪುರವನ್ನು ನೋಡಬೇಕು. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ 13ನೆಯ ಶತಮಾನದಲ್ಲಿ ಕಟ್ಟಿಸಿದ ಕೇಶವ ದೇವಾಲಯ ಅಲ್ಲಿದೆ. ಮೂರು ಗರ್ಭಗುಡಿಗಳ ತ್ರಿಕೂಟ, ನಕ್ಷತ್ರಾಕಾರದ ಜಗತಿ, ಮೃದುವಾದ ಬಳಪದ ಕಲ್ಲು. ಹೊರಗೋಡೆಯ ವಿಗ್ರಹಗಳ ಪೀಠದಲ್ಲಿ ಕೆತ್ತಿದವರು ಹೆಸರು ಬರೆದಿದ್ದಾರೆ. ಮಲ್ಲಿತಮ್ಮ, ಮಸಣಿತಮ್ಮ, ಚಾಮೆಯ, ರಾಮೆಯ, ಚೌಡೆಯ, ನಂಜೆಯ. ಮಲ್ಲಿತಮ್ಮನ ರುಜು ಇಲ್ಲಿನ ಸುಮಾರು 40 ಶಿಲ್ಪಗಳಲ್ಲಿದೆ, ಕೆಲವೆಡೆ ಬರೀ ‘ಮಲ್ಲಿ’, ಇನ್ನು ಕೆಲವೆಡೆ ‘ಮ’ ಎಂಬ ಒಂದೇ ಅಕ್ಷರ. ನಂಜೆಯ ಎಂಬ ಹೆಸರಿನವರು ಈಗಲೂ ಈ ಸೀಮೆಯ ಮನೆಮನೆಯಲ್ಲಿದ್ದಾರೆ; ಬರೆಯುವುದು ‘ನಂಜಯ್ಯ’ ಎಂದು, ಅಷ್ಟೇ.

ಭಾರತದ ಪ್ರಾಚೀನ ಶಿಲ್ಪಿ ಅನಾಮಿಕ, ದೇವರ ಕೆಲಸಕ್ಕೆ ಅವನು ಹೆಸರು ಹಾಕಿಕೊಳ್ಳುತ್ತಿರಲಿಲ್ಲ ಎಂಬ ಮಾತನ್ನು ಕಲೆಯ ಪಠ್ಯಗಳು ಬಲು ಇಷ್ಟಪಟ್ಟು ಹೇಳುತ್ತವೆ. ಹೊಯ್ಸಳರ ರೂವಾರಿಗಳಿಗೆ ಆ ವಿನಯ ಇರಲಿಲ್ಲ. ತಮ್ಮ ಕೆಲಸದ ಬೆಲೆ ಅವರಿಗೆ ಗೊತ್ತಿತ್ತು. ಒಂದು ದೇಗುಲದಿಂದ ಇನ್ನೊಂದಕ್ಕೆ ಕರೆ ಬರಬೇಕಾದರೆ ಹೆಸರು ಬೇಕಿತ್ತು. ಇದೇ ಮಲ್ಲಿತಮ್ಮನ ರುಜು ಅಮೃತಾಪುರ, ನುಗ್ಗೇಹಳ್ಳಿ, ಜಾವಗಲ್ಲುಗಳ ದೇಗುಲಗಳಲ್ಲೂ ಸಿಗುತ್ತದೆ. ಇವತ್ತಿನ ಮಾತಿನಲ್ಲಿ ಹೇಳುವುದಾದರೆ ಅವನಿಗೆ ಮಾರುಕಟ್ಟೆಯಿತ್ತು.

ಸೌದಿ ಅರೇಬಿಯಾದ ರಿಯಾದ್‌ನಲ್ಲಿ ನಡೆದ ವಿಶ್ವ ಪರಂಪರೆ ಸಮಿತಿಯ ಸಭೆ 2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡುಗಳ ಜೊತೆ ಸೋಮನಾಥಪುರವನ್ನೂ ಯುನೆಸ್ಕೋ ಪಟ್ಟಿಗೆ ಸೇರಿಸಿತು. ಇದು ಮಾರಾಟವಲ್ಲ, ಆದರೆ ಬೆಲೆ ಕಟ್ಟುವಿಕೆಯೇ. ಪಟ್ಟಿಗೆ ಸೇರಿದ ತಾಣಕ್ಕೆ ಪ್ರವಾಸದ ಹಣ ಬರುತ್ತದೆ, ಅದರ ಮಾದರಿಯ ಪ್ರತಿಕೃತಿಗಳಿಗೆ ಗಿರಾಕಿ ಹುಟ್ಟುತ್ತಾರೆ, ಅದೇ ಶೈಲಿಯ ಬಿಡಿ ಶಿಲ್ಪಗಳಿಗೆ ಕಳ್ಳ ಮಾರುಕಟ್ಟೆಯಲ್ಲೂ ಕಣ್ಣು ಬೀಳುತ್ತದೆ. ದೇಗುಲದ ಮೂಲ ಕೇಶವ ವಿಗ್ರಹ ಈಗಾಗಲೇ ಇಲ್ಲ. ಹೊರದೇಶ ಸೇರಿದ ಪುರಾತನ ವಸ್ತುಗಳನ್ನು ಮರಳಿಸುವ ಕೆಲಸಕ್ಕೆ ಕೋವಿಡ್ ನಂತರ ವೇಗ ಬಂದಿದೆ. 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕ 297 ವಸ್ತುಗಳನ್ನು ಭಾರತಕ್ಕೆ ಒಪ್ಪಿಸಿತು, ನವೆಂಬರ್‌ನಲ್ಲಿ 1,440 ವಸ್ತುಗಳ ವಾಪಸಾತಿ ಘೋಷಣೆಯಾಯಿತು.

ಟಿಪ್ಪುವಿನ ಖಡ್ಗ, ಟಿಪ್ಪುವಿನ ಪಚ್ಚೆ

2023ರ ಮೇ 23ರಂದು ಲಂಡನ್ನಿನ ಬೋನಮ್ಸ್ ಸಂಸ್ಥೆ ಟಿಪ್ಪು ಸುಲ್ತಾನನ ಶಯನಗೃಹದಲ್ಲಿದ್ದ ಖಡ್ಗವೊಂದನ್ನು ಹರಾಜಿಗಿಟ್ಟಿತು. ಅಂದಾಜು ಇದ್ದದ್ದು 15ರಿಂದ 20 ಲಕ್ಷ ಪೌಂಡ್. ಕೊನೆಗೆ ನಿಂತ ಬೆಲೆ 1.4 ಕೋಟಿ ಪೌಂಡ್. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಖಡ್ಗ ಬ್ರಿಟಿಷ್ ಸೇನೆಯ ಜನರಲ್ ಬೇರ್ಡ್‌ನ ಕೈ ಸೇರಿತ್ತು. ಅದೇ ಟಿಪ್ಪುವಿನ ಸಿಂಹಾಸನದ ಚಿನ್ನದ ಹುಲಿತಲೆಯೊಂದಕ್ಕೆ 2021ರ ನವೆಂಬರ್‌ನಲ್ಲಿ ಬ್ರಿಟನ್ ಸರ್ಕಾರ ತಾತ್ಕಾಲಿಕ ರಫ್ತು ತಡೆ ಹಾಕಿತು. ಬೆಲೆ ಸುಮಾರು 15 ಲಕ್ಷ ಪೌಂಡ್. ಮೈಸೂರಿನಿಂದ ಹೋದ ವಸ್ತು ಬ್ರಿಟನ್ ಬಿಟ್ಟು ಹೋಗದಂತೆ ಬ್ರಿಟನ್ ತಡೆಯುವುದನ್ನು ಓದುವಾಗ ಶ್ರೀರಂಗಪಟ್ಟಣದ ಕಡೆಯವರಿಗೆ ನಗು ಬಂದರೆ ಅದು ಅವರ ತಪ್ಪಲ್ಲ.

ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದಲ್ಲಿ ಪಚ್ಚೆ ಲಿಂಗವೊಂದಿದೆ. ಕಣ್ಣು ಕಳೆದುಕೊಂಡ ತನ್ನ ಪಟ್ಟದಾನೆಗೆ ನಂಜುಂಡನ ಹರಕೆಯಿಂದ ದೃಷ್ಟಿ ಮರಳಿತೆಂದು ಟಿಪ್ಪು ಅದನ್ನು ಅರ್ಪಿಸಿದ, ದೇವರನ್ನು ‘ಹಕೀಂ ನಂಜುಂಡ’ ಎಂದು ಕರೆದ ಎಂಬುದು ಪ್ರತೀತಿ. ಹಕೀಂ ಎಂದರೆ ವೈದ್ಯ. ಒಬ್ಬನೇ ಅರಸನಿಗೆ ಸೇರಿದ ಎರಡು ವಸ್ತುಗಳ ಪೈಕಿ ಒಂದಕ್ಕೆ ದಾಖಲೆ ಬೆಲೆ ಬಂದಿದೆ, ಇನ್ನೊಂದಕ್ಕೆ ಬೆಲೆಯೇ ಇಲ್ಲ. ಖಡ್ಗದ ಬೆಲೆಯಲ್ಲಿ ಉಕ್ಕಿನ ಪಾಲು ತೀರ ಸಣ್ಣದು. ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ಕಾಗದಪತ್ರದ ಸರಣಿಯೇ ಬೆಲೆ. ಪಚ್ಚೆ ಲಿಂಗದ ಸರಣಿ ಇದ್ದಲ್ಲೇ ಇದೆ, ಪೂಜೆಯಲ್ಲಿ. ಅದು ಮಾರುಕಟ್ಟೆಗೆ ಅರ್ಥವಾಗುವ ಭಾಷೆಯಲ್ಲ.

1972ರ ಪುರಾತನ ವಸ್ತುಗಳ ಕಾಯಿದೆ 100 ವರ್ಷ ಮೀರಿದ ಕಲಾವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವುದನ್ನು ನಿಷೇಧಿಸುತ್ತದೆ. ರಾಜಾ ರವಿವರ್ಮ ಸೇರಿ ಒಂಬತ್ತು ಕಲಾವಿದರ ಕೃತಿಗಳನ್ನು ವಯಸ್ಸು ನೋಡದೆ ರಾಷ್ಟ್ರೀಯ ಸಂಪತ್ತು ಎಂದು ಪರಿಗಣಿಸಲಾಗಿದೆ. ಇದರಿಂದಾಗಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರು ಚಿತ್ರವೊಂದು ನಂಜನಗೂಡಿನ ಹಳೆಯ ಮನೆಯ ದೇವರಕೋಣೆಯಲ್ಲಿದ್ದರೆ ಅದಕ್ಕೊಂದು ಬೆಲೆ, ಅದೇ ಕಾಲದ್ದು ಹಿಂದೆಯೇ ಲಂಡನ್ ಸೇರಿದ್ದರೆ ಇನ್ನೊಂದು. ಮಾರುಕಟ್ಟೆ ಜಾಗತಿಕವಾದಷ್ಟೂ ಆ ಅಂತರ ಹಿಗ್ಗುತ್ತದೆ.

ಊರಿನ ಹೆಸರು, ಆಳಿನ ಹೆಸರು

ಮೈಸೂರು ಸಾಂಪ್ರದಾಯಿಕ ಚಿತ್ರ, ಮೈಸೂರು ಗಂಜೀಫಾ ಎಲೆಗಳು, ಮೈಸೂರು ಬೀಟೆ ಮರದ ಇನ್‌ಲೇ, ಮೈಸೂರು ರೇಷ್ಮೆ, ನಂಜನಗೂಡು ರಸಬಾಳೆ, ಇವೆಲ್ಲವೂ ಭೌಗೋಳಿಕ ಗುರುತು ಪಡೆದಿವೆ. ಈ ಗುರುತು ಹೆಸರನ್ನು ಕೊಡುವುದು ಊರಿಗೆ, ಮಾಡಿದವನಿಗಲ್ಲ. ಜಾಗತಿಕ ಕಲಾ ಮಾರುಕಟ್ಟೆ ಕೇಳುವುದು ಮಾಡಿದವನ ಹೆಸರು. ಈ ಎರಡರ ನಡುವೆ ನಮ್ಮ ಸೀಮೆಯ ಕಸುಬುಗಳು ಸಿಕ್ಕಿಬಿದ್ದಿವೆ.

ಊರಿನ ಹೆಸರಿನಲ್ಲೂ ಪಂಕ್ತಿಭೇದವಿದೆ. ಮೈಸೂರು ರೇಷ್ಮೆ ಸೀರೆಗೆ ಬೇಕಾದ ನೂಲು ತೆಗೆಯುವ, ರಾಜ್ಯ ಸರ್ಕಾರದ ಕೆಎಸ್‌ಐಸಿ ಕಾರ್ಖಾನೆ ಇರುವುದು ಟಿ. ನರಸೀಪುರದಲ್ಲಿ. ಗೂಡು ಬೇಯಿಸಿ ಎಳೆ ತೆಗೆಯುವ ಕೈಗಳು ಅಲ್ಲಿನವು. 1912ರಷ್ಟು ಹಳೆಯದಾದ ಮೈಸೂರಿನ ನೇಯ್ಗೆ ಕಾರ್ಖಾನೆಗೆ ಹೋದ ಮೇಲೆ ಆ ನೂಲಿಗೆ ಮೈಸೂರಿನ ಹೆಸರು ಬರುತ್ತದೆ. ಊರಿನ ಹೆಸರನ್ನು ಬಿಡದೆ ಹೊತ್ತು ನಡೆದವರೂ ಇದ್ದಾರೆ ಎನ್ನಲು ಉದಾಹರಣೆ ಕಲೆಯ ಇನ್ನೊಂದು ಕವಲಿನಿಂದ ಬರುತ್ತದೆ. ಏಳು ತಂತಿಯ ಪಿಟೀಲಿನಿಂದ ಹೆಸರಾದ ಚೌಡಯ್ಯನವರ ಮೊದಲಕ್ಷರ ‘ಟಿ’ ಎಂದರೆ ತಿರುಮಕೂಡಲು. ಬೆಂಗಳೂರಿನ ಪಿಟೀಲಾಕಾರದ ಸ್ಮಾರಕ ಭವನದಲ್ಲಿ ಕಚೇರಿ ಕೇಳುವವರು ಆ ‘ಟಿ’ಯನ್ನು ಗಮನಿಸುವುದಿಲ್ಲ ಎಂಬುದು ಬೇರೆ ಮಾತು.

ಮೈಸೂರು ಚಿತ್ರದ ಕೆಲಸ ಹೀಗೆ: ಹುಣಸೆ ಕಡ್ಡಿಯ ಇದ್ದಿಲಿನಿಂದ ರೇಖೆ ಎಳೆದು, ಬಣ್ಣ ತುಂಬಿ, ಒಡವೆ, ಪ್ರಭಾವಳಿ, ಸೆರಗುಗಳ ಮೇಲೆ ಮಕ್ಕಿ ಸಫೇದದ ಲೇಪ ಹಚ್ಚಿ ತೆಳುವಾದ ಉಬ್ಬು ತರುತ್ತಾರೆ, ಅದರ ಮೇಲೆ ಚಿನ್ನದ ರೇಕು. ತಂಜಾವೂರಿನ ಚಿತ್ರದಲ್ಲಿ ಉಬ್ಬು ದಪ್ಪ, ಕಲ್ಲು ಕೂರಿಸುವುದೂ ಉಂಟು. ಮೈಸೂರಿನದು ದೀಪದ ಬೆಳಕಿನಲ್ಲಿ ಸ್ವಲ್ಪ ಓರೆಯಾಗಿ ನೋಡಿದಾಗ ಮಾತ್ರ ಉಸಿರಾಡುವಂಥದ್ದು. ಕೋವಿಡ್ ನಂತರ ವ್ಯಾಪಾರ ಮೊಬೈಲ್ ಪರದೆಗೆ ಬಂದಾಗ ಈ ಸೂಕ್ಷ್ಮವೇ ಅದಕ್ಕೆ ತೊಡಕಾಯಿತು. ಇನ್‌ಸ್ಟಾಗ್ರಾಮಿನಲ್ಲಿ ಬೆರಳು ಸರಿಸುವ ಗಿರಾಕಿಗೆ ತಂಜಾವೂರು ಥಟ್ಟನೆ ಕಾಣುತ್ತದೆ, ಮೈಸೂರು ಚಪ್ಪಟೆಯಾಗಿ ಕಾಣುತ್ತದೆ. ಜೊತೆಗೆ, ಈ ಚಿತ್ರಗಳಿಗೆ ರುಜು ಹಾಕುವ ರೂಢಿ ಮೊದಲಿನಿಂದಲೂ ಗಟ್ಟಿಯಾಗಿರಲಿಲ್ಲ. ಮೊದಲ ಮಾರಾಟದಲ್ಲಿ ಬಂದದ್ದೇ ಬಂದದ್ದು. ರುಜು ಇಲ್ಲದ ಚಿತ್ರ ಹಳತಾದಷ್ಟೂ ಬರೀ ಹಳೆಯದಾಗುತ್ತದೆ.

ಗಂಜೀಫಾ ಕತೆಯಲ್ಲಿ ಮಾತ್ರ ಒಂದು ಹೆಸರು ಉಳಿದುಕೊಂಡಿತು. ಅರಮನೆಯ ಆಟವಾಗಿದ್ದ, ಮುಮ್ಮಡಿಯವರ ಕಾಲದಲ್ಲಿ ಬೆಳೆದ ಈ ದುಂಡು ಎಲೆಗಳ ಚಿತ್ರಕಲೆಯನ್ನು ಶ್ರೀರಂಗಪಟ್ಟಣದ ರಘುಪತಿ ಭಟ್ಟರು ಕಲಿತು, ಕಲಿಸಿ, ಹೊರದೇಶಗಳ ಸಂಗ್ರಾಹಕರ ಕೈಗೂ ತಲುಪಿಸಿದರು. ಜನ ಅವರನ್ನು ಗಂಜೀಫಾ ರಘುಪತಿ ಭಟ್ಟ ಎಂದೇ ಕರೆದರು. ಕಲೆಯ ಹೆಸರೂ ಆಳಿನ ಹೆಸರೂ ಹಾಗೆ ಒಂದಾಗಿ ಬೆರೆತದ್ದು ಅಪರೂಪ.

ಬೀಟೆ, ತೂಕ, ಸುಂಕದ ಪುಸ್ತಕ

ಮೈಸೂರಿನ ಇನ್‌ಲೇ ಕೆಲಸದಲ್ಲಿ ಮೊದಲು ಕಾಗದದ ಮೇಲೆ ಚಿತ್ರ ಬರೆದು, ಬೇರೆ ಬೇರೆ ಬಣ್ಣದ ಮರದ ತೆಳು ಹಾಳೆಗಳನ್ನು ಸಣ್ಣ ಗರಗಸದಿಂದ ಆ ಆಕಾರಕ್ಕೆ ಕೊಯ್ದು, ಬೀಟೆ ಹಲಗೆಯಲ್ಲಿ ಅಷ್ಟೇ ಅಳತೆಯ ಗುಳಿ ತೋಡಿ ಕೂರಿಸುತ್ತಾರೆ. ಹಿಂದೆ ದಂತವನ್ನು ಕೂರಿಸುತ್ತಿದ್ದರು. ದಂತ ನಿಷೇಧವಾದ ಮೇಲೆ ಹಲಸಿನ ಹಳದಿಯಂಥ ಮರದ ಬಣ್ಣಗಳೇ ಆಧಾರ. ಒಂದೇ ಫಲಕ ನಾಲ್ಕಾರು ಕೈ ದಾಟುತ್ತದೆ. ಬರೆದವನು ಒಬ್ಬ, ಕೊಯ್ದವನು ಒಬ್ಬ, ಕೂರಿಸಿದವನು, ಉಜ್ಜಿ ಪಾಲಿಶ್ ಹಾಕಿದವನು ಇನ್ನೊಬ್ಬ. ರುಜು ಯಾರದು ಹಾಕುವುದು?

ಈ ಕಸುಬಿಗೆ ಕೋವಿಡ್‌ಗಿಂತ ಮೊದಲೇ ಪೆಟ್ಟು ಬಿದ್ದಿತ್ತು. ಬೀಟೆಯ ಇಡೀ ಕುಲವನ್ನು 2017ರ ಜನವರಿಯಲ್ಲಿ, ಅಳಿವಿನಂಚಿನ ಜೀವಜಾತಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧಕ್ಕೆ ಸೇರಿಸಲಾಯಿತು. ಮಧ್ಯ ಅಮೆರಿಕ, ಆಫ್ರಿಕಾಗಳ ಬೀಟೆ ಜಾತಿಗಳನ್ನು ಚೀನಾದ ಪೀಠೋಪಕರಣ ಬೇಡಿಕೆಯಿಂದ ಉಳಿಸುವುದು ಉದ್ದೇಶವಾಗಿತ್ತು. ಗದ್ದೆಯ ಬದುವಿನಲ್ಲಿ ಬೀಟೆ ಬೆಳೆದ ಮಲೆನಾಡಿನ ರೈತನೂ ಮೈಸೂರಿನ ಇನ್‌ಲೇ ಕೆಲಸಗಾರನೂ ಅದೇ ಬಲೆಗೆ ಬಿದ್ದರು. ರವಾನೆಯಲ್ಲಿ ಬೀಟೆಯ ತೂಕ 10 ಕಿಲೋ ಮೀರಿದರೆ ಪರವಾನಗಿ ಬೇಕಾಯಿತು. ದೇಶದ ಒಟ್ಟು ಇಂಥ ರಫ್ತು ವರ್ಷಕ್ಕೆ ಸುಮಾರು 1,000 ಕೋಟಿ ರೂಪಾಯಿಯಿಂದ 500–600 ಕೋಟಿಗೆ ಇಳಿಯಿತೆಂದು ಕೇಂದ್ರ ಸರ್ಕಾರವೇ ಹೇಳಿತು. 2022ರ ನವೆಂಬರ್‌ನಲ್ಲಿ ಪನಾಮಾದಲ್ಲಿ ನಡೆದ ಸೈಟಿಸ್ ಸಭೆ ಬೀಟೆಯ ಬಂಧುವಾದ ಶೀಶಂ ಮರದ ವಸ್ತುಗಳಿಗೆ ರಿಯಾಯಿತಿ ಕೊಟ್ಟಿತು: ಒಂದೊಂದು ವಸ್ತುವಿನ ತೂಕ 10 ಕಿಲೋ ಒಳಗಿದ್ದರೆ ಎಷ್ಟು ಬೇಕಾದರೂ ಒಟ್ಟಿಗೆ ಕಳಿಸಬಹುದು. ಉತ್ತರ ಭಾರತದ ಸಹಾರನ್‌ಪುರದ ಶೀಶಂ ಕೆಲಸಗಾರರು ನಿಟ್ಟುಸಿರು ಬಿಟ್ಟರು.

ಕಲೆ ಯಾವುದು, ಸರಕು ಯಾವುದು ಎಂಬ ಪ್ರಶ್ನೆಗೆ ಸೌಂದರ್ಯಶಾಸ್ತ್ರದ ಗ್ರಂಥಗಳಿಗಿಂತ ಚುರುಕಾದ ಉತ್ತರ ಸುಂಕದ ಪುಸ್ತಕದಲ್ಲಿದೆ. ಜಗತ್ತಿನ ಬಹುತೇಕ ದೇಶಗಳು ಬಳಸುವ ಸರಕು ಸಂಕೇತಗಳಲ್ಲಿ ಕೈಯಿಂದ ಬರೆದ ಚಿತ್ರ 9701, ಮೂಲ ಶಿಲ್ಪ 9703. ಇವು ಕೊನೆಯ ಅಧ್ಯಾಯವಾದ ಕಲಾಕೃತಿಗಳ ಅಧ್ಯಾಯಕ್ಕೆ ಸೇರಿದವು. ಇನ್‌ಲೇ ಮಾಡಿದ ಮರ 4420, ಅಂದರೆ ಮರದ ಅಧ್ಯಾಯ. ಅಷ್ಟೇ ಅಲ್ಲ, ವಾಣಿಜ್ಯ ಸ್ವರೂಪದ ರೂಢಿಯ ಕಸುಬುಗಾರಿಕೆಯನ್ನು, ಕಲಾವಿದನೇ ಮಾಡಿದ್ದರೂ ಸರಿ, 9703ಕ್ಕೆ ಸೇರಿಸುವಂತಿಲ್ಲ ಎಂದು ಆ ಅಧ್ಯಾಯದ ಟಿಪ್ಪಣಿ ಹೇಳುತ್ತದೆ. ಇದರ ಬಿಸಿ ತಟ್ಟಿದ್ದು 2025ರ ಆಗಸ್ಟ್ 27ರಂದು. ಅಂದಿನಿಂದ ಅಮೆರಿಕ ಭಾರತದ ಬಹುಪಾಲು ಸರಕಿನ ಮೇಲೆ ಶೇ. 50 ಸುಂಕ ಹೇರಿತು. ಚಿತ್ರ, ಶಿಲ್ಪಗಳಂಥ ಕಲಾಕೃತಿಗಳನ್ನು ಮಾಹಿತಿ ಸಾಮಗ್ರಿ ಎಂಬ ವರ್ಗದಲ್ಲಿಟ್ಟು ಹೊರಗುಳಿಸಿತು. ನ್ಯೂಯಾರ್ಕ್ ಸೇರುವ ಹುಸೇನ್ ಚಿತ್ರಕ್ಕೆ ಇಲ್ಲದ ಸುಂಕ ಕ್ಯಾಲಿಫೋರ್ನಿಯಾದ ಕನ್ನಡಿಗರ ಮನೆ ಸೇರುವ ಇನ್‌ಲೇ ಫಲಕಕ್ಕಿತ್ತು.

ಒಳನಾಡಿನ ತೆರಿಗೆಯ ಕತೆಯಲ್ಲಿ ನಂಜನಗೂಡು ತಾಲ್ಲೂಕಿನ ಬದನವಾಳು ಬರುತ್ತದೆ. 1927ರಲ್ಲಿ ಗಾಂಧೀಜಿ ಬಂದು ಹೋದ ಖಾದಿ ಕೇಂದ್ರ ಅಲ್ಲಿದೆ. ರಂಗಕರ್ಮಿ ಪ್ರಸನ್ನ ಅವರು 2015ರಲ್ಲಿ ಅಲ್ಲಿ ಸುಸ್ಥಿರ ಬದುಕಿನ ಸಮಾವೇಶ ನಡೆಸಿದರು. 2017ರಲ್ಲಿ ಜಿಎಸ್‌ಟಿ ಬಂದಾಗ ಕೈ ಉತ್ಪನ್ನಗಳಿಗೆ ತೆರಿಗೆಯೇ ಬೇಡವೆಂದು ಕರ ನಿರಾಕರಣೆ ಸತ್ಯಾಗ್ರಹ ಹೂಡಿದರು. 2025ರ ಸೆಪ್ಟೆಂಬರ್ 22ರಿಂದ ಚಿತ್ರ, ಶಿಲ್ಪ, ಹಲವು ಕರಕುಶಲ ವಸ್ತುಗಳ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ. ಬದನವಾಳು ಕೇಳಿದ್ದು ಸೊನ್ನೆ.

ಮೈಸೂರಿನಲ್ಲೇ ಕೂತು: ಎನ್.ಎಸ್. ಹರ್ಷ

ರುಜುವಿನ ಮಾರುಕಟ್ಟೆಯಲ್ಲಿ ಈ ಸೀಮೆಯಿಂದ ಎತ್ತರಕ್ಕೇರಿದ ಹೆಸರು 1969ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಅಲ್ಲಿಯೇ ಕೆಲಸ ಮಾಡುತ್ತಿರುವ ಎನ್.ಎಸ್. ಹರ್ಷ ಅವರದು. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು ‘ಕಾವಾ’ದಲ್ಲಿ ಓದಿ ಬರೋಡಾಕ್ಕೆ ಹೋದರು, ಮತ್ತೆ ಊರಿಗೆ ಬಂದರು. 2008ರಲ್ಲಿ ಬ್ರಿಟನ್ನಿನ ಕಾರ್ಡಿಫ್‌ನ ಆರ್ಟೆಸ್ ಮುಂಡಿ ಪ್ರಶಸ್ತಿ, 40,000 ಪೌಂಡ್, ಅವರಿಗೆ ಬಂತು. ಲಂಡನ್ನಿನ ವಿಕ್ಟೋರಿಯಾ ಮಿರೋ ಗ್ಯಾಲರಿ ಅವರ ಕೃತಿಗಳನ್ನು ಪ್ರತಿನಿಧಿಸಿತು. 2017ರಲ್ಲಿ ಟೋಕಿಯೋದ ಮೋರಿ ಕಲಾ ಸಂಗ್ರಹಾಲಯ ಅವರ ಅದುವರೆಗಿನ ಕೆಲಸದ ದೊಡ್ಡ ಪ್ರದರ್ಶನ ಏರ್ಪಡಿಸಿತು.

ಅವರ ಚಿತ್ರಗಳಲ್ಲಿ ಸಾಲು ಸಾಲು ಜನ: ಉಣ್ಣುವವರು, ಮಲಗಿದವರು, ಭಾಷಣ ಕೇಳುವವರು. ಪ್ರತಿ ಮುಖವೂ ಬೇರೆ. ‘ಮಾಸ್ ಮ್ಯಾರೇಜ್’ ಎಂಬ 2003ರ ಚಿತ್ರದ ಮುಂದೆ ಪ್ಯಾರಿಸ್ಸಿನವರು ನಿಂತರೆ ಏನು ಕಾಣುತ್ತಾರೋ ಏನೋ, ನಂಜನಗೂಡು ತಾಲ್ಲೂಕಿನ ಸುತ್ತೂರು ಜಾತ್ರೆಯ ಸಾಮೂಹಿಕ ವಿವಾಹ ನೋಡಿದವರು ಮಾತ್ರ ಸಾಲಿನಲ್ಲಿ ತಮ್ಮವರನ್ನು ಹುಡುಕುತ್ತಾರೆ. 2007ರ ‘ನೇಷನ್ಸ್’ ಕೃತಿಯಲ್ಲಿ ವಿಶ್ವಸಂಸ್ಥೆಯ ದೇಶಗಳ ಲೆಕ್ಕಕ್ಕೆ ಒಂದೊಂದು ಹೊಲಿಗೆ ಯಂತ್ರ, ಒಂದೊಂದರ ಮೇಲೂ ಕೈಯಿಂದ ಬಣ್ಣ ಹಚ್ಚಿದ ಬಾವುಟ, ನಡುವೆ ಸಿಕ್ಕುಸಿಕ್ಕಾದ ದಾರ. ಸಿದ್ಧ ಉಡುಪಿನ ಕಾರ್ಖಾನೆಗೆ ಬೆಳಗಿನ ಬಸ್ಸು ಹಿಡಿಯುವ ಹೆಣ್ಣುಮಕ್ಕಳಿರುವ ಹಳ್ಳಿಗಳಿಗೆ ಆ ಕೃತಿಯನ್ನು ವಿವರಿಸಿ ಹೇಳಬೇಕಿಲ್ಲ.

ಮಹಾನಗರದಲ್ಲಿ ಇರದಿದ್ದರೆ ಕಲಾವಿದನಿಗೆ ಮಾರುಕಟ್ಟೆಯಿಲ್ಲ ಎಂಬ ನಂಬಿಕೆಯನ್ನು ಹರ್ಷ ಕೋವಿಡ್‌ಗೂ ಮೊದಲೇ ಸುಳ್ಳು ಮಾಡಿದ್ದರು. 2020ರ ನಂತರ ಗ್ಯಾಲರಿಗಳು ಸ್ಟುಡಿಯೋವನ್ನು ವಿಡಿಯೋದಲ್ಲಿ ನೋಡಲು ಒಗ್ಗಿಕೊಂಡವು. ಹಾಗಾಗಿ ಕಾವಾದಿಂದ ಹೊರಬಿದ್ದ ಕಿರಿಯರಿಗೆ ಊರಲ್ಲೇ ಉಳಿಯುವ ಧೈರ್ಯ ಬಂದಿದೆ. ಗ್ಯಾಲರಿಯ ಪಾಲು ಮಾತ್ರ ಕಡಿಮೆಯಾಗಿಲ್ಲ. ಬೆಲೆಯ ಅರ್ಧದಷ್ಟು ಗ್ಯಾಲರಿಗೆ ಹೋಗುವುದು ಲೋಕದಾದ್ಯಂತ ರೂಢಿ.

ಕಲ್ಲು ಮತ್ತು ವೀಸಾ

ಅರುಣ್ ಯೋಗಿರಾಜ್ ಅವರದು ಇನ್ನೊಂದು ದಾರಿ. ಮೈಸೂರಿನ ಐದು ತಲೆಮಾರಿನ ಶಿಲ್ಪಿ ಮನೆತನ. ತಾತ ಬಸವಣ್ಣ ಶಿಲ್ಪಿ ಅರಮನೆಯ ಕೆಲಸ ಮಾಡಿದವರು. 2021ರ ನವೆಂಬರ್ 5ರಂದು ಕೇದಾರನಾಥದಲ್ಲಿ ಅನಾವರಣಗೊಂಡ 12 ಅಡಿಯ ಶಂಕರಾಚಾರ್ಯ, 2022ರ ಸೆಪ್ಟೆಂಬರ್ 8ರಂದು ದೆಹಲಿಯ ಇಂಡಿಯಾ ಗೇಟ್ ಬಳಿ ನಿಂತ 28 ಅಡಿಯ ಸುಭಾಷ್‌ಚಂದ್ರ ಬೋಸ್, 2024ರ ಜನವರಿ 22ರಂದು ಅಯೋಧ್ಯೆಯಲ್ಲಿ ಪ್ರತಿಷ್ಠಾಪನೆಯಾದ 51 ಅಂಗುಲದ ಬಾಲರಾಮ, ಮೂರೂ ಅವರ ಉಳಿಯಿಂದ ಬಂದವು. ಬಾಲರಾಮನ ಕಲ್ಲು ಮೈಸೂರು ತಾಲ್ಲೂಕಿನ ಗುಜ್ಜೇಗೌಡನಪುರದ ಕೃಷ್ಣಶಿಲೆ.

ಇವು ಹರಾಜಿನ ಕೃತಿಗಳಲ್ಲ, ಒಪ್ಪಿಸಿದ ಕೆಲಸಗಳು. ಮಲ್ಲಿತಮ್ಮನ ಪದ್ಧತಿಗೇ ಹತ್ತಿರ. ಆದರೆ ಅಯೋಧ್ಯೆಯ ನಂತರ ಮೈಸೂರಿನ ಶಿಲ್ಪಿಗಳಿಗೆ ಹೊರದೇಶದ ದೇವಾಲಯಗಳಿಂದಲೂ ಮನೆಗಳಿಂದಲೂ ವಿಚಾರಣೆ ಹೆಚ್ಚಿತು. ಕಲ್ಲಿನ ವಿಗ್ರಹ ಹಡಗು ಹತ್ತಬೇಕಾದರೆ ಅದರ ಮರದ ಪೆಟ್ಟಿಗೆಗೂ ಶಾಖ ಕೊಟ್ಟ ಮುದ್ರೆ ಬೇಕು, ಮರದ ಹುಳು ದೇಶಾಂತರ ಹೋಗದಿರಲೆಂದು. ವಿಗ್ರಹಕ್ಕೆ, ಪೆಟ್ಟಿಗೆಗೆ ದಾರಿಯಿದೆ. ಶಿಲ್ಪಿಗೆ ಯಾವಾಗಲೂ ಇರುವುದಿಲ್ಲ: ವರ್ಜೀನಿಯಾದ ರಿಚ್ಮಂಡ್‌ನಲ್ಲಿ ನಡೆದ ಅಕ್ಕ ವಿಶ್ವ ಕನ್ನಡ ಸಮ್ಮೇಳನಕ್ಕೆ ಆಹ್ವಾನವಿದ್ದರೂ 2024ರ ಆಗಸ್ಟ್‌ನಲ್ಲಿ ಯೋಗಿರಾಜರಿಗೆ ಅಮೆರಿಕದ ವೀಸಾ ಸಿಗಲಿಲ್ಲ.

ಸಂತೆ

ಬೆಂಗಳೂರಿನ ಚಿತ್ರಕಲಾ ಪರಿಷತ್ತು 2003ರಿಂದ ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಚಿತ್ರಸಂತೆ ಮೈಸೂರು ಸೀಮೆಯ ಕಲಾವಿದರಿಗೂ ವರ್ಷದ ದೊಡ್ಡ ವ್ಯಾಪಾರ. ‘ಮನೆಗೊಂದು ಕಲಾಕೃತಿ’ ಎಂಬ ಆಸೆ ಅದರದು. 2021ರ ಸಂತೆ ಅಂತರ್ಜಾಲದಲ್ಲಿ ನಡೆಯಿತು. ದೂರದ ಕೊಳ್ಳುವವರು ಮೊದಲ ಸಲ ಸಂತೆಗೆ ಬಂದರು, ಎದುರಿಗೆ ಕೂತು ನಿಮಿಷದಲ್ಲಿ ಮುಖಚಿತ್ರ ಬರೆದುಕೊಡುವವರಿಗೆ ಮಾತ್ರ ಸಂಪಾದನೆ ಇಲ್ಲವಾಯಿತು. ರಸ್ತೆ ತೆರೆದ ಕೂಡಲೇ ಸಂತೆ ರಸ್ತೆಗೇ ಮರಳಿತು. ಬೆಂಗಳೂರಿನ ಮ್ಯಾಪ್ ಕಲಾ ಸಂಗ್ರಹಾಲಯದ್ದು ಇದಕ್ಕೆ ತಿರುಗುಮುರುಗು: 2020ರ ಡಿಸೆಂಬರ್‌ನಲ್ಲಿ ಅದು ಮೊದಲು ಅಂತರ್ಜಾಲದಲ್ಲಿ ಹುಟ್ಟಿತು, ಕಸ್ತೂರಬಾ ರಸ್ತೆಯ ಕಟ್ಟಡ ಜನರಿಗೆ ತೆರೆದದ್ದು 2023ರ ಫೆಬ್ರವರಿಯಲ್ಲಿ.

ಮರುಮಾರಾಟದ ಪಾಲು

ಭಾರತದ ಕೃತಿಸ್ವಾಮ್ಯ ಕಾಯಿದೆಗೆ 1994ರ ತಿದ್ದುಪಡಿಯಲ್ಲಿ ಸೇರಿದ 53ಎ ಎಂಬ ಕಲಮಿದೆ. ಚಿತ್ರ, ಶಿಲ್ಪ, ರೇಖಾಚಿತ್ರದ ಮೂಲಪ್ರತಿ 10,000 ರೂಪಾಯಿಗೂ ಹೆಚ್ಚಿಗೆ ಮರುಮಾರಾಟವಾದರೆ ಕಲಾವಿದನಿಗೆ ಅಥವಾ ಅವನ ವಾರಸುದಾರರಿಗೆ ಆ ಬೆಲೆಯಲ್ಲಿ ಪಾಲು ಸಲ್ಲಬೇಕು, ಮಿತಿ ಶೇ. 10. ಪಾಲು ಎಷ್ಟೆಂದು ಗೊತ್ತುಮಾಡುವ ಹೊಣೆ ಕೊನೆಗೆ ಬೌದ್ಧಿಕ ಸ್ವತ್ತು ಮೇಲ್ಮನವಿ ಮಂಡಳಿಗೆ ಬಂದಿತ್ತು. 2021ರ ಏಪ್ರಿಲ್‌ನಲ್ಲಿ, ಎರಡನೇ ಅಲೆ ಏರುತ್ತಿದ್ದಾಗ, ಸುಗ್ರೀವಾಜ್ಞೆಯ ಮೂಲಕ ಆ ಮಂಡಳಿಯೇ ರದ್ದಾಗಿ ಅದರ ಕೆಲಸ ನ್ಯಾಯಾಲಯಗಳಿಗೆ ಹೋಯಿತು. ಅದೇ ಅವಧಿಯಲ್ಲಿ ಭಾರತದ ಕಲೆಯ ಮರುಮಾರಾಟದ ಬೆಲೆಗಳು ದಾಖಲೆ ಮೇಲೆ ದಾಖಲೆ ಮುರಿದವು. ಹರಾಜು ಸಂಸ್ಥೆಗಳು ಕೊಳ್ಳುವವರಿಂದ ಬೆಲೆಯ ಮೇಲೆ ಕಮಿಷನ್ ತೆಗೆದುಕೊಳ್ಳುತ್ತವೆ. ಬರೆದವರ ಪಾಲು ಕಾಗದದಲ್ಲಿದೆ.

ಆ ಪಾಲು ಕೇಳಬೇಕಾದರೂ ಕೃತಿ ತನ್ನದೆಂದು ತೋರಿಸಬೇಕು. ಈಚಿನ ವರ್ಷಗಳಲ್ಲಿ ಮೈಸೂರು ಚಿತ್ರ ಬರೆಯುವ ಕಿರಿಯರು ಪಟದ ಕೆಳತುದಿಯಲ್ಲಿ ಚಿನ್ನದ ರೇಕಿನ ಅಂಚಿಗೆ ತಾಗಿದಂತೆ ಸಣ್ಣ ಅಕ್ಷರದಲ್ಲಿ ಹೆಸರು, ಇಸವಿ ಬರೆಯುವುದು ಕಾಣುತ್ತದೆ. ಚೌಕಟ್ಟು ಹಾಕುವವರು ಅಳತೆ ತಪ್ಪಿದರೆ ಅದು ಮರದ ಪಟ್ಟಿಯ ಕೆಳಗೆ ಹೋಗಿಬಿಡುತ್ತದೆ.